ಜ್ವರ ಇಳಿಮುಖವಾಗಿದೆ

ತುಮಕೂರಿನಿಂದ ಟಪ್ಪಾಲು ಗಾಡಿ ಬಂದ ದಿನ ನಮ್ಮ ಶಿರಾದ ಪೇಟೆ ಬೀದಿಯಲ್ಲಿ ಜಗಳ ಆಗಲೇಬೇಕು ಎನ್ನುವಂತಾಗಿತ್ತು. ದೊಡ್ಡ ಯುದ್ಧದ ಕೊನೆಯ ವರ್ಷ ಅದು. ದೀಪಾವಳಿ ಹತ್ತಿರ ಬಂದಿತ್ತು, ಚಳಿ ಶುರುವಾಗಿತ್ತು, ಚಳಿಗಿಂತ ಮೊದಲೇ ಜ್ವರ ಬಂದು ಊರಿನಲ್ಲಿ ಕೂತಿತ್ತು. ಬೆಂಗಳೂರಿನ ಪೇಪರನ್ನು ತರಿಸುತ್ತಿದ್ದವರು ದಿನಸಿ ಅಂಗಡಿಯ ಖಲೀಲುಲ್ಲಾ ಸಾಹೇಬರು. ಅವರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಹಾಗಾಗಿ ಸ್ಕೂಲು ಮೇಷ್ಟ್ರು ಮಹಾಲಿಂಗಯ್ಯ ಅಂಗಡಿಯ ಜಗುಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ನಾವೆಲ್ಲ ನಿಂತು ಕೇಳುತ್ತಿದ್ದೆವು.

ಆ ದಿನವೂ ಮೇಷ್ಟ್ರು ಮೊದಲು ಯುದ್ಧದ ಸುದ್ದಿ ಓದಿದರು. ನಾಲಿಗೆ ಹೊರಳದ ಹೆಸರಿನ ಊರುಗಳು, ಯಾರು ಎಷ್ಟು ಗಜ ಮುಂದೆ ಹೋದರು, ಯಾರು ಎಷ್ಟು ಗಜ ಹಿಂದೆ ಬಂದರು. ಆ ಊರುಗಳ ಒಂದೊಂದು ಹಳ್ಳ ದಿಣ್ಣೆಯೂ ಪೇಪರಿನವರಿಗೆ ಗೊತ್ತಿತ್ತು. ಕೊನೆಯ ಪುಟದ ಮೂಲೆಗೆ ಬಂದಾಗ ಮೇಷ್ಟ್ರ ದನಿ ಸಣ್ಣಗಾಯಿತು.

"ತುಮಕೂರು ಜಿಲ್ಲೆಯ ಕೆಲವು ಭಾಗಗಳಲ್ಲಿ ನೆಗಡಿ ಜ್ವರವು ಲಘುವಾಗಿ ಕಾಣಿಸಿಕೊಂಡಿದ್ದು ಈಗ ಇಳಿಮುಖವಾಗಿದೆ. ಪ್ರಜೆಗಳು ಗಾಬರಿಪಡಲು ಕಾರಣವಿಲ್ಲ."

ಅದರ ಕೆಳಗೆ ಕೂದಲೆಣ್ಣೆಯ ಜಾಹೀರಾತು. ಅದು ಇದಕ್ಕಿಂತ ದೊಡ್ಡದಾಗಿತ್ತು.

"ನೆಗಡಿನಾ ಮೇಷ್ಟ್ರೇ?" ಎಂದು ಬೋರಪ್ಪ ಕೂಗಿದ. ಎಣ್ಣೆ ಗಾಣದವನು, ಮೊದಲೇ ಕೋಪಿಷ್ಠ. "ಬೆಳಿಗ್ಗೆಯಿಂದ ನಮ್ ಬೀದೀಲಿ ಮೂರು ಹೆಣ ಎತ್ತಿದೀವಿ. ನೆಗಡಿಗೆ ಯಾರಾನ ಸಾಯ್ತಾರಾ?"

"ಇದ್ದದ್ದನ್ನ ಓದಿದೆ ಕಣಪ್ಪ."

"ಇದ್ದದ್ದಲ್ಲ, ಇಲ್ದೇ ಇರೋದನ್ನ ಓದಿದ್ರಿ ಅನ್ನಿ!"

ಎಲ್ಲರೂ ಒಟ್ಟಿಗೆ ಬಾಯಿ ಮಾಡತೊಡಗಿದರು. ಪೇಪರಿನವರು ಕೈಗೆ ಸಿಗುವಂತಿರಲಿಲ್ಲ, ಮೇಷ್ಟ್ರು ಸಿಕ್ಕಿದ್ದರು. ಅವರೊಬ್ಬರು ಸಾಲದು ಎಂದು ಸಾಹೇಬರ ಮೇಲೂ ಹರಿಹಾಯ್ದರು. "ನನ್ ಕಾಸು ಕೊಟ್ಟು ನಾನೇ ಬೈಸ್ಕೊಳ್ಳೋದು ಯಾವ ನಸೀಬಪ್ಪಾ!" ಎಂದು ಸಾಹೇಬರು ಹಣೆ ಚಚ್ಚಿಕೊಂಡರು. ಆಮೇಲೆ ಆ ಪೇಪರನ್ನೇ ಹರಿದು, ಕಷಾಯಕ್ಕೆಂದು ಬಂದವರಿಗೆ ಶುಂಠಿ ಮೆಣಸು ಕಟ್ಟಿ ಕೊಟ್ಟರು. ಜ್ವರಕ್ಕೆ ಆ ಪೇಪರಿನಿಂದ ಆದ ಉಪಕಾರ ಅದೊಂದೇ.

ನಮ್ಮ ದಡ್ಡತನವೂ ಇದರಲ್ಲಿ ಸೇರಿತ್ತು. ಪ್ಲೇಗು ನಮಗೆ ಹಳೆಯ ಪರಿಚಯ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದೆವು. ಈ ಸಲ ಒಂದು ಇಲಿಯೂ ಬೀಳಲಿಲ್ಲ. ಇಲಿ ಬಿದ್ದಿಲ್ಲ, ಪೇಪರಿನಲ್ಲೂ ಬಂದಿಲ್ಲ, ಇನ್ನೇನು ಭಯ ಎಂದು ಊರಿನಲ್ಲೇ ಕೂತೆವು. ಇಲಿಗಳು ಸುಖವಾಗಿ ಓಡಾಡಿಕೊಂಡಿದ್ದವು, ಬೀಳುತ್ತಿದ್ದವರು ನಾವು.

ಗುಂಪಿನ ಹಿಂದೆ, ಅಂಗಡಿಯ ಕಂಬದ ಪಕ್ಕ, ಚನ್ನಮಲ್ಲಮ್ಮ ನಿಂತಿದ್ದಳು. ಕಂಬಳಿ ವ್ಯಾಪಾರದ ಪರ್ವತಯ್ಯನ ಹೆಂಡತಿ. ಪೇಪರು ಕೇಳಲು ಹೆಂಗಸರು ಬೀದಿಗೆ ಬಂದು ನಿಲ್ಲುವ ರೂಢಿ ನಮ್ಮಲ್ಲಿರಲಿಲ್ಲ. ಆದರೆ ಅವಳ ಗಂಡ ಜ್ವರ ಬಂದು ಮಲಗಿದ್ದ, ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅವನಿಗೆ ಗಂಜಿ ಕುಡಿಸುವುದು, ಬಾಗಿಲಿಗೆ ಬರುವುದು, ಬೀದಿ ನೋಡುವುದು, ಮತ್ತೆ ಒಳಗೆ ಹೋಗುವುದು. ದಿನವೆಲ್ಲ ಇದೇ ಆಗಿತ್ತು.

ಅವಳ ಜೀವವೆಲ್ಲ ಪಾವಗಡದಲ್ಲಿತ್ತು. ಒಬ್ಬಳೇ ಮಗಳು ಗಂಗರತ್ನಮ್ಮ ಅಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ದೀಪಾವಳಿ ಕಳೆದ ಮೇಲೆ ಅಪ್ಪ ಹೋಗಿ ಕರೆತರಬೇಕು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಈ ಜ್ವರವೋ, ಬಸುರಿಯರನ್ನು ಹುಡುಕಿಕೊಂಡು ಹೋಗುತ್ತಿತ್ತು. ನಮ್ಮೂರಿನಲ್ಲಿ ಅದು ಹಿಡಿದ ಬಸುರಿಯರಲ್ಲಿ ಒಬ್ಬಳೂ ಎದ್ದಿರಲಿಲ್ಲ. ಪಾವಗಡ ಮೂಲೆಯ ಊರು, ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಮಗಳು ಅಲ್ಲಿದ್ದರೆ ಉಳಿಯುತ್ತಾಳೆ, ಇಲ್ಲಿಗೆ ಬಂದರೆ ಉಳಿಯುವುದಿಲ್ಲ ಎಂದು ಚನ್ನಮಲ್ಲಮ್ಮನಿಗೆ ಖಾತ್ರಿಯಾಗಿತ್ತು. ಆದರೆ ಅಳಿಯ ತಿಪ್ಪಯ್ಯ ಓದು ಬಲ್ಲವನು. ತನ್ನ ಬಟ್ಟೆ ಅಂಗಡಿಗೆ ಇದೇ ಪೇಪರನ್ನು ತರಿಸುತ್ತಿದ್ದ, ಅಚ್ಚಾಗಿ ಬಂದದ್ದನ್ನೆಲ್ಲ ನಂಬುತ್ತಿದ್ದ.

ಅವಳು ಗುಂಪು ಸೀಳಿಕೊಂಡು ಮುಂದೆ ಬಂದಳು. "ಮೇಷ್ಟ್ರೇ, ನಮ್ಮಳಿಯಂದ್ರೂ ಇದ್ನೇ ಓದ್ತಾರೆ. ಇಳಿಮುಖ ಅಂತ ನಂಬ್ಕೊಂಡು ನಮ್ ಗಂಗೀನ ಕರ್ಕೊಂಡು ಬಂದ್ಬುಟ್ರೆ? ಶಿರಾದಾಗೆ ಜನ ಸಾಯ್ತಾವ್ರೆ ಅಂತ ಆ ಪೇಪರ್ನೋರಿಗೆ ಬರೀಬಾರ್ದಾ?"

"ಎರಡು ಸಲ ಬರೆದೆ ಕಣಮ್ಮ. ಜನಕ್ಕೆ ಗಾಬರಿಯಾಗೋ ಸುದ್ದಿ ಹಾಕೋಕಾಗಲ್ಲ ಅಂದ್ರು."

"ಸಾಯೋರಿಗೆ ಗಾಬರಿ ಆಗಾಕಿಲ್ವಾ? ಕೆಟ್ಟ ಸುದ್ದಿ ಮುಚ್ಚಿಟ್ಬುಟ್ರೆ ಅದು ಒಳ್ಳೇದಾಗ್ಬುಡ್ತದಾ?" ಎಂದು ಅವಳು ಬೀದಿ ಕೇಳುವಂತೆ ಕಿರುಚಿದಳು. ಗಂಡಸರು ಭೇಷ್ ಎಂದರು. ಅವಳು ಅದನ್ನು ಕೇಳಿಸಿಕೊಳ್ಳದೆ ಮನೆಯ ಕಡೆ ಓಡಿದಳು.

ಮಾರನೆಯ ಬೆಳಿಗ್ಗೆ ಗಾಡಿ ರಹೀಮ ಅವಳ ಬಾಗಿಲಿಗೆ ಬಂದ. ಶಿರಾದಿಂದ ಪಾವಗಡಕ್ಕೆ ಉಪ್ಪು, ಕಂಬಳಿ ಹೇರಿಕೊಂಡು ಹೋಗಿ ಬರುವವನು. ಅವನಿಗೆ ಜ್ವರ ಮೊದಲೇ ಬಂದು ಬಿಟ್ಟುಹೋಗಿತ್ತು, ಅಂಗಿ ಮೈ ಮೇಲೆ ಜೋತಾಡುತ್ತಿತ್ತು. ಹೋಗುವಾಗೆಲ್ಲ ತವರಿನ ಸುದ್ದಿಯನ್ನು ಗಂಗಿಗೆ ಮುಟ್ಟಿಸುವುದು ಅವನ ವಾಡಿಕೆ.

"ಅಮ್ಮಾ, ಪಾವಗಡಕ್ಕೆ ಹೊಂಟಿದೀನಿ. ಗಂಗಮ್ಮಂಗೆ ಏನ್ ಹೇಳ್ಲಿ?"

"ಎಲ್ಲಾ ಚೆಂದಾಗವ್ರೆ ಅನ್ನು," ಎಂದಳು ಚನ್ನಮಲ್ಲಮ್ಮ.

ಒಳಗೆ ಪರ್ವತಯ್ಯ ಕೆಮ್ಮುತ್ತಿದ್ದ. ಶುರುವಾದರೆ ನಿಲ್ಲದ ಕೆಮ್ಮು. ರಹೀಮ ಅತ್ತ ನೋಡಿದ. "ಯಜಮಾನ್ರು?"

"ಅವ್ರೂ ಚೆಂದಾಗವ್ರೆ ಅನ್ನು. ಬಸುರಿ ಕಿವಿಗೆ ಕೆಟ್ಟ ಮಾತು ಹಾಕ್ಬಾರ್ದು ಕಣಪ್ಪ, ಮಗೀಗೆ ತಗುಲ್ತದೆ. ಆದ್ರೆ ಈಗ ಬರೋದು ಬ್ಯಾಡ, ನಾವೇ ಹೇಳಿ ಕಳಿಸ್ತೀವಿ, ಅಲ್ಲೀಗಂಟ ಅಲ್ಲೇ ಇರು ಅನ್ನು."

"ಯಾಕೆ ಅಂತ ಕೇಳಿದ್ರೆ?"

"ಅವ್ವ ಅಂಗಂದ್ಳು ಅನ್ನು. ಸಾಕು."

ರಹೀಮ ಒಳಗಿನ ಕೆಮ್ಮನ್ನು ಕೇಳುತ್ತಲೇ ಗಾಡಿ ಹೊಡೆದುಕೊಂಡು ಹೋದ.

ಅವನ ಗಾಡಿ ಪಾವಗಡ ಮುಟ್ಟುವ ಮೊದಲೇ ಪರ್ವತಯ್ಯ ತೀರಿಕೊಂಡ. ಹೊರುವುದಕ್ಕೆ ನಾಲ್ಕು ಜನ ಸಿಗುವುದೇ ಕಷ್ಟವಾಗಿತ್ತು. ಬೋರಪ್ಪ, ಮೇಷ್ಟ್ರು ಹೆಗಲು ಕೊಟ್ಟರು, ಖಲೀಲುಲ್ಲಾ ಸಾಹೇಬರೂ ಬಂದರು. ಪಕ್ಕದ ಮನೆಯ ಮುನಿಯಮ್ಮ ಚನ್ನಮಲ್ಲಮ್ಮನ ಬಳೆ ತೆಗೆದಳು. ಪಾವಗಡಕ್ಕೆ ಆಳು ಕಳಿಸೋಣವೇ ಎಂದು ಯಾರೋ ಕೇಳಿದರು. "ಬಸುರಿಗೆ ಅಪ್ಪನ ಸಾವು ಹೇಳೋದುಂಟಾ? ಹೆತ್ತ ಮ್ಯಾಲೆ ಹೇಳಿದ್ರಾತು," ಎಂದಳು ಚನ್ನಮಲ್ಲಮ್ಮ. ಸರಿ ಎಂದೆವು. ಪೇಪರಿನವರನ್ನು ಬಾಯಿಗೆ ಬಂದ ಹಾಗೆ ಬೈದ ನಾವೇ, ಒಬ್ಬರೂ ಬಿಡದೆ, ಅದೇ ಸರಿ ಎಂದೆವು.

ಮುಂದಿನ ಟಪ್ಪಾಲು ಬಂದಾಗ ಮೇಷ್ಟ್ರು ಯುದ್ಧವನ್ನು ಬಿಟ್ಟು ನೇರವಾಗಿ ಮೂಲೆಗೇ ಹೋದರು. "ಜ್ವರವು ಬಹುಮಟ್ಟಿಗೆ ನಿಂತಿದೆ" ಎಂದಿತ್ತು. ಬೋರಪ್ಪ ಅವರ ಕೈಯಿಂದ ಪೇಪರು ಕಿತ್ತುಕೊಂಡು ಚರಂಡಿಗೆ ಎಸೆದು, ತೃಪ್ತಿಯಾಗದೆ, ಮೇಲೆ ಒಂದು ಕಲ್ಲನ್ನೂ ಹಾಕಿದ. ಯಾರೂ ನಗಲಿಲ್ಲ. ಅಷ್ಟರಲ್ಲಿ ಹೊಲದಿಂದ ಬಂದವನೊಬ್ಬ, ಪಾವಗಡದ ದಾರಿಯಲ್ಲಿ ಕಮಾನು ಗಾಡಿಯೊಂದು ಬರುತ್ತಿದೆ, ಒಳಗೆ ಹೆಣ್ಣುಮಗಳು ಕೂತಿದ್ದಾಳೆ ಎಂದ. ಬೋರಪ್ಪ ಚನ್ನಮಲ್ಲಮ್ಮನ ಮನೆಗೆ ಓಡಿ ಬಾಗಿಲು ಬಡಿದ.

ಅವಳು ಗಂಡನ ಕಂಬಳಿಯನ್ನು ತಲೆಯಿಂದ ಹೊದ್ದುಕೊಂಡು ಓಡಿದಳು. ಹಣೆ ಕಾಣಬಾರದು, ಕೈ ಕಾಣಬಾರದು. ಏನೋ ಒಂದು ಹೇಳಿ ಹಿಂದಕ್ಕೆ ಕಳಿಸಿಬಿಡಬೇಕು, ಏನು ಹೇಳಬೇಕೆಂದು ಮಾತ್ರ ತಿಳಿಯದು. ಊರಾಚೆಯ ಹುಣಸೆ ತೋಪಿನ ಹತ್ತಿರ ಗಾಡಿ ಎದುರಾಯಿತು. ಅವಳು ದಾರಿಯ ನಡುವೆ ನಿಂತುಬಿಟ್ಟಳು.

"ಪಕ್ಕಕು ರಾಮ್ಮಾ, ಪಕ್ಕಕು!" ಎಂದು ಗಾಡಿ ಹೊಡೆಯುತ್ತಿದ್ದ ಪೆದ್ದಣ್ಣ ದಾರಿ ಬಿಡುವಂತೆ ತೆಲುಗಿನಲ್ಲಿ ಕೂಗುತ್ತಾ ಹಗ್ಗ ಜಗ್ಗಿದ. ಎತ್ತುಗಳು ತಲೆ ಕೊಡವಿ ನಿಂತವು. ತಿಪ್ಪಯ್ಯ ಕೆಳಗಿಳಿದ.

ಅಳಿಯನ ಮುಂದೆ ಬಾಗಿಲ ಮರೆಯಲ್ಲಿ ನಿಂತು ಮಾತಾಡಿ ಅಭ್ಯಾಸವಿದ್ದ ಹೆಂಗಸು ಈಗ ಕೂಗಿದಳು. "ಅಲ್ಲೇ ಇರಿ ಅಳಿಯಂದ್ರೇ, ಹತ್ರ ಬರಬ್ಯಾಡಿ. ಗಾಡಿ ತಿರುಗ್ಸಿ. ಊರಾಗೆ ಜ್ವರ ಐತೆ."

"ಇದೇನತ್ತೆ? ಇಳಿಮುಖ ಆಗೈತೆ ಅಂತ ಪೇಪರ್‌ನಾಗೆ ಹಾಕವ್ರಲ್ಲ?"

"ಆ ಪೇಪರ್‌ಗಿಷ್ಟು ಬೆಂಕಿ ಹಾಕ! ಅವ್ರ ಸುಳ್ಳನ್ನ ನಂಬ್ಕೊಂಡು ಬಂದ್ರಾ ನನ್ ಮಗಳನ್ನ ಕಟ್ಕೊಂಡು?"

ತಿಪ್ಪಯ್ಯನಿಗೂ ರೇಗಿತು. "ಪೇಪರ್ ಸುಳ್ಳು ಹೇಳ್ತು, ಬುಡಿ. ಎಲ್ಲಾ ಚೆಂದಾಗವ್ರೆ ಅಂತ ರಹೀಮನ ಕೈಲಿ ಹೇಳಿ ಕಳಿಸಿದೋರು ಯಾರು?"

ಚನ್ನಮಲ್ಲಮ್ಮ ಕಂಬಳಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಕಮಾನಿನ ಹಿಂದಿನಿಂದ ಗಂಗಿ ತಲೆ ಹಾಕಿದಳು. ದಾರಿಯುದ್ದಕ್ಕೂ ಅತ್ತ ಕಣ್ಣು. "ಎಲ್ಲಾ ಚೆಂದಾಗಿದ್ರೆ ನನ್ನ ಬರಬ್ಯಾಡ ಅಂತ ಯಾಕಂದೆ ಅವ್ವಾ? ನಮ್ಮತ್ತೆ ಆಡಿದ್ದನ್ನ ನೀ ಕೇಳ್ಬೇಕಿತ್ತು. ನಿಮ್ಮವ್ವಂಗೆ ಬಾಣಂತನ ಮಾಡೋಕೆ ಕೈ ಬರಾಕಿಲ್ಲ, ಅದ್ಕೇ ನೆಪ ಹೇಳ್ತಾವ್ಳೆ ಅಂದ್ರು. ನಾನು ನಿಮಗೆ ಭಾರ ಆದ್ನಾ? ಅಪ್ಪ ಎಲ್ಲಿ? ಅಪ್ಪನ್ನೇ ಕೇಳ್ತೀನಿ." ಅವಳು ಹೊಟ್ಟೆ ಹಿಡಿದುಕೊಂಡು ಒಂದು ಕಾಲನ್ನು ಕೆಳಗೆ ಚಾಚಿದಳು.

"ಇಳೀಬ್ಯಾಡ!" ಎಂದು ಚನ್ನಮಲ್ಲಮ್ಮ ಎರಡೂ ಕೈ ಎತ್ತಿ ಕೂಗಿದಳು.

ಕಂಬಳಿ ಜಾರಿ ದಾರಿಗೆ ಬಿತ್ತು. ಎತ್ತಿದ ಎರಡು ಕೈಗಳಲ್ಲಿ ಒಂದು ಬಳೆಯೂ ಇರಲಿಲ್ಲ. ಗಂಗಿ ಆ ಕೈಗಳನ್ನೇ ನೋಡಿದಳು. ಚಾಚಿದ ಕಾಲು ಹಾಗೆಯೇ ನಿಂತಿತು.

ಇನ್ನು ಮುಚ್ಚಲು ಏನೂ ಉಳಿದಿರಲಿಲ್ಲ. "ನಿಮ್ಮಪ್ಪ ಹೋದ ಕಣೇ ಗಂಗಿ," ಎಂದಳು ತಾಯಿ. "ರಹೀಮ ಬಂದಾಗ್ಲೇ ಜ್ವರದಾಗೆ ಬಿದ್ದಿದ್ದ. ಚೆಂದಾಗವ್ನೆ ಅಂತ ನಾನೇ ಸುಳ್ಳು ಹೇಳ್ದೆ. ಈ ಕೈಲೇ ಅವನಿಗೆ ನೀರು ಕುಡಿಸಿದ್ದು, ಈ ಕೈಲೇ ಮುಖ ಒರೆಸಿದ್ದು. ಈ ಕೈಲಿ ನಿನ್ನ ಮುಟ್ಟಾಕಿಲ್ಲ. ಊರಾಗೆ ಜ್ವರ ಬಂದ ಬಸುರೀರು ಒಬ್ರೂ ಉಳೀಲಿಲ್ಲ. ನೀ ಇಳಿದ್ರೆ ನಾನು ಇಲ್ಲೇ ತಲೆ ಚಚ್ಕೊಂಡು ಸಾಯ್ತೀನಿ."

ಗಂಗಿ ಗಾಡಿಯ ಹಲಗೆ ಹಿಡಿದುಕೊಂಡು ಅಪ್ಪಾ ಎಂದು ಅತ್ತಳು. ಚನ್ನಮಲ್ಲಮ್ಮನೂ ಅತ್ತಳು, ಗಂಡ ಸತ್ತ ಮೇಲೆ ಮೊದಲ ಸಲ. ಇಬ್ಬರ ನಡುವೆ ಒಂದು ಗಾಡಿಯಷ್ಟು ಜಾಗ. ತಾಯಿ ಮುಂದೆ ಬರಲಿಲ್ಲ, ಮಗಳು ಇಳಿಯಲಿಲ್ಲ. ತಿಪ್ಪಯ್ಯ ಎತ್ತುಗಳ ಮೂಗುದಾರ ಹಿಡಿದು ಗಾಡಿ ತಿರುಗಿಸಿದ.

ಗಾಡಿ ಹೊರಟ ಮೇಲೆ ಗಂಗಿ ಹಿಂದಿನಿಂದ ಕೂಗಿ ಹೇಳಿದಳು. "ಅವ್ವಾ, ಇನ್ ಮ್ಯಾಲೆ ಇದ್ದದ್ದನ್ನ ಇದ್ದಂಗೆ ಹೇಳಿ ಕಳಿಸು. ಎಂಥದ್ದೇ ಆಗ್ಲಿ, ನಾನು ತಡ್ಕೊಂಡು ಅಲ್ಲೇ ಇರ್ತೀನಿ. ನಮ್ಮಪ್ಪನ ಆಣೆ. ಆದ್ರೆ ಚೆಂದಾಗಿದೀನಿ ಅಂತ ಹೇಳಿ ಕಳಿಸಿದ್ಯೋ, ಅವತ್ತೇ ಗಾಡಿ ಕಟ್ಟಿಸ್ಕೊಂಡು ಬಂದ್ಬುಡ್ತೀನಿ."

ದೀಪಾವಳಿಗೆ ನಮ್ಮೂರಿನಲ್ಲಿ ಯಾರೂ ದೀಪ ಹಚ್ಚಲಿಲ್ಲ. ಪೇಪರಿನಲ್ಲಿ ನಗರದ ದೀಪಗಳ ವರ್ಣನೆ ಬಂದಿತ್ತಂತೆ. ಅದನ್ನು ಓದುವುದಕ್ಕೆ, ಜ್ವರ ಬಂದು ಮಲಗಿದ್ದ ಮೇಷ್ಟ್ರೂ ಎದ್ದಿರಲಿಲ್ಲ.

ಹಬ್ಬ ಕಳೆದು ರಹೀಮ ಮತ್ತೆ ಗಾಡಿ ಹೇರಿ ಚನ್ನಮಲ್ಲಮ್ಮನ ಬಾಗಿಲಿಗೆ ಬಂದ. ಅವಳು ಹೊಸಿಲಿನ ಒಳಗೇ ಚೌಕಟ್ಟು ಹಿಡಿದುಕೊಂಡು ನಿಂತಳು.

"ಏನ್ ಹೇಳ್ಲಿ ಅಮ್ಮಾ?"

ಚೆಂದಾಗಿದೀನಿ ಎನ್ನುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ಪಕ್ಕದ್ಮನೆ ಮುನಿಯಮ್ಮ ಹೋದ್ಲು ಅನ್ನು. ಖಲೀಲುಲ್ಲಾ ಸಾಬ್ರ ತಂಗಿ ಶರ್ಫುನ್ನೀಸಾ ಹೋದ್ಲು. ಮೇಷ್ಟ್ರು ಮಲಗವ್ರೆ. ಬೋರಪ್ಪಂಗೆ ಜ್ವರ ಬಂದಿತ್ತು, ಎದ್ದವ್ನೆ, ಬೈಯೋದೂ ಶುರು ಮಾಡವ್ನೆ." ರಹೀಮ ಸ್ವಲ್ಪ ನಕ್ಕ. ಅವಳಿಗೆ ಕೆಮ್ಮು ಬಂತು. ಅದು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ರಹೀಮನ ನಗೆ ಹೋಯಿತು, ಆ ಕೆಮ್ಮನ್ನು ಅವನು ಇದೇ ಬಾಗಿಲಲ್ಲಿ ಕೇಳಿದ್ದ.

"ನಂಗೂ ನಿನ್ನೆಯಿಂದ ಮೈ ಸುಡ್ತಾ ಐತೆ," ಎಂದಳು ಅವಳು. "ಅದನ್ನೂ ಹೇಳು."

"ಬ್ಯಾಡ ಅಮ್ಮಾ. ಬಸುರಿ ಕಿವಿಗೆ..."

"ಹೇಳು ರಹೀಮ. ಅದನ್ನ ಹೇಳಿದ್ರೇನೇ ಅವ್ಳು ಅಲ್ಲಿ ಇರ್ತಾಳೆ."

ಅಷ್ಟು ಹೇಳಿ ಅವಳು ಬಾಗಿಲು ಹಾಕಿಕೊಂಡಳು.