ರೊಟ್ಟಿ ತಟ್ಟುವಾಗಿನ ಪ್ರಾರ್ಥನೆ

ಸೈದಾಪುರದ ಚಂದ್ರಕಲಾ ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಗಿತ್ತು. ಗಂಡನ ಹೆಸರು ಶ್ರೀಮಂತ. ಅವನು ಕಡೇಚೂರಿನ ಒಂದು ರಾಸಾಯನಿಕ ಕಾರ್ಖಾನೆಗೆ ಸೇರಿದಾಗಿನಿಂದ ಅವಳಿಗೆ ಎದೆಯ ಮೇಲೆ ಕಲ್ಲು ಇಟ್ಟಂತಾಗಿತ್ತು. ಅಲ್ಲಿ ಕೆಲಸಗಾರರು ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಹಾಗಾಗಿ ಗಂಡ ಎತ್ತದಿದ್ದಾಗಲೆಲ್ಲ ಇವಳು ಗೇಟಿನ ಕಾವಲುಗಾರನಿಗೇ ಫೋನ್ ಹಚ್ಚುತ್ತಿದ್ದಳು.

"ಶ್ರೀಮಂತ, ನಿನ್ನ ಮನಿ ಸೈರನ್ ಹೊಡಿತು ನೋಡೋ" ಎಂದು ಜೊತೆಯವರು ನಗುತ್ತಿದ್ದರು.

ಒಂದು ದಿನ ಆ ನಗು ನಿಂತಿತು. ಇನ್ನೊಮ್ಮೆ ಗೇಟಿಗೆ ಫೋನ್ ಬಂದರೆ ಕೆಲಸಕ್ಕೆ ಬರಬೇಡ ಎಂದು ಸೂಪರ್‌ವೈಸರ್ ಹೇಳಿಬಿಟ್ಟ. ಶ್ರೀಮಂತ ಮನೆಗೆ ಬಂದವನೇ ಗೋಡೆಗೆ ಒರಗಿ ಕೂತ. ಬೈಯುವಷ್ಟೂ ತ್ರಾಣ ಅವನಲ್ಲಿರಲಿಲ್ಲ.

"ಈ ಕೆಲಸ ಹೋದ್ರ ಮತ್ತ ಪುಣಾಕ್ಕ ದುಡಿಯಾಕ ಹೋಗಬೇಕಾಗ್ತದ. ಅಲ್ಲಿಂದ ದಿನಾ ಮನಿಗೆ ಬರಾಕ ಆಗಂಗಿಲ್ಲ. ಅದೇ ಬೇಕೇನ ನಿನಗ?"

ಬೇಡವೆಂದು ಚಂದ್ರಕಲಾಗೂ ಗೊತ್ತಿತ್ತು. ಆದರೆ ಫೋನ್ ಹಚ್ಚುವ ಕೈ ಮಾತು ಕೇಳುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಮನೆಯಲ್ಲೇ ಚರ್ಚಿನ ಹೆಂಗಸರ ಪ್ರಾರ್ಥನಾ ಕೂಟ. ಹಾಡು ಮುಗಿದ ಮೇಲೆ ಅವಳು ಕಣ್ಣು ಮುಚ್ಚಿ ಶುರು ಮಾಡಿದಳು.

"ಕರ್ತಾ, ಗ್ಯಾಸ್ ಸೋರಬಾರದು, ಬಾಯ್ಲರ್ ಒಡಿಬಾರದು, ಬಸ್ಸು ಉರುಳಬಾರದು. ಎಲ್ಲೋ ಮೂರು ಮಂದಿ ಸತ್ತಾರಂತ ಫೋನಿನ್ಯಾಗ ಬಂದದ, ಅದರಾಗ ನನ್ನ ಗಂಡ ಇರಬಾರದು..."

ಹೇಳುತ್ತ ಹೋದಂತೆ ಉಸಿರು ಮೇಲಕ್ಕೇರಿತು. ಆಮೆನ್ ಅನ್ನುವ ಹೊತ್ತಿಗೆ ಅವಳು ನಡುಗುತ್ತಿದ್ದಳು.

"ಇದನ್ನ ಕೇಳಿ ದೇವರಿಗೇ ಅಂಜಿಕಿ ಬಂದಿರಬೇಕು" ಎಂದಳು ಅತ್ತೆ ಮಲ್ಲಾಬಾಯಿ.

ಎಲ್ಲರೂ ಹೋದ ಮೇಲೆ ಕೂಟ ನಡೆಸುವ ಸುಮಲತಾ ಚಹಾಕ್ಕೆಂದು ಉಳಿದಳು.

"ಚಂದ್ರಕಲಾ, ಸಿಟ್ಟಾಗಬ್ಯಾಡ. ನೀ ಮಾಡಿದ್ದು ಪ್ರಾರ್ಥನಾ ಅಲ್ಲ. ಕಣ್ಣು ಮುಚ್ಚಿಕೊಂಡು ಅಂಜಿದ್ದಿ, ಅಷ್ಟೆ."

"ಅಂಜಿಕಿ ದೇವರಿಗೆ ಹೇಳಬಾರದೇನ್ರಿ ಅಕ್ಕಾರ?"

"ಹೇಳಬೇಕು. ಹೇಳಿ ಆತನ ಕೈಯಾಗ ಬಿಡಬೇಕು. ನೀ ಕೊಟ್ಟಾಂಗ ಮಾಡಿ ಮತ್ತ ಕಸಗೊಂತಿ."

ಚಂದ್ರಕಲಾಗೆ ರೇಗಿತು. "ಚಲೋ ಚಲೋದು ನೆನೆದ್ರ ಗ್ಯಾಸ್ ಸೋರಂಗಿಲ್ಲೇನ್ರಿ?"

"ಸೋರಬಹುದು. ಸೋರಂಗಿಲ್ಲ ಅಂತ ಬರದು ಕೊಡಾಕ ನಾ ಏನ್ ಕಂಪನಿ ಮಾಲಕಿನಾ? ಆದ್ರ ನೀ ಇಲ್ಲಿ ಕುಂತು ನಡುಗಿದ್ರ ಅಲ್ಲಿ ನಟ್ಟು ಬಿಗಿ ಆಗ್ತದೇನು?"

"ತಲ್ಯಾಗ ಬಂದದ್ದನ್ನ ಹೆಂಗ ತಡೀಲಿ?"

"ಬರೋದನ್ನ ತಡಿಯಾಕ ಆಗಂಗಿಲ್ಲ. ಬಂದದ್ದನ್ನ ಕುಂದರಿಸಿ ಮಾತಾಡಿಸಬ್ಯಾಡ. ಆ ಜಾಗಾದಾಗ ಖರೇ ಇದ್ದದ್ದು, ಚಲೋ ಇದ್ದದ್ದು ತಂದು ಇಡು. ಸುಳ್ಳು ಸಮಾಧಾನ ಬ್ಯಾಡ. ಮೂರು ಮಂದಿ ಸತ್ತಾರ ಅಂದಿ, ಯಾರವರು?"

"ಗೊತ್ತಿಲ್ರಿ."

"ಹಂಗಾದ್ರ ಗೊತ್ತಿದ್ದದ್ದು ಹೇಳು."

ಚಂದ್ರಕಲಾ ಗಂಡನ ಮುಖ ನೆನೆದಳು. "ಕೆಲಸದಾಗ ಮುಖಕ್ಕ ಮಾಸ್ಕ್ ಕಟ್ಟಿಕೊಂತಾರ. ಕೆನ್ನಿ ಮ್ಯಾಲ ಪಟ್ಟಿ ಗುರ್ತು ಇರ್ತದ."

"ಮತ್ತ?"

"ದಿನಾ ಮನಿಗೆ ಬಂದು ಉಣ್ತಾರ." ಆಮೇಲೆ ಮೆಲ್ಲಗೆ, "ಯೇಸಪ್ಪ ಇಲ್ಲೂ ಅದಾನ, ಆ ಗೇಟಿನ ಒಳಗೂ ಅದಾನ."

"ಆತಗ ಗೇಟ್ ಪಾಸ್ ಬೇಕಾಗಿಲ್ಲ" ಎಂದಳು ಮಲ್ಲಾಬಾಯಿ.

ಸುಮಲತಾ ಹೊರಡುವಾಗ ಇನ್ನೊಂದು ಮಾತು ಸೇರಿಸಿದಳು. "ಇಷ್ಟಾದ ಮ್ಯಾಲೂ ನಿದ್ದಿ ಬರಲಿಲ್ಲಂದ್ರ ಡಾಕ್ಟರಿಗೆ ತೋರಸೋಣು. ದೇವರನ್ನ ನಂಬೋದು ಅಂದ್ರ ದವಾಖಾನಿ ಬಿಡೋದಲ್ಲ."

ಅದೇ ಸಂಜೆ ಬಸ್ಸಿನ ಹೊತ್ತು ಮೀರಿತು. ಶ್ರೀಮಂತ ಬರಲಿಲ್ಲ. ಫೋನಿನಲ್ಲಿ ಯಾರೋ ಕಳಿಸಿದ ಸಂದೇಶ ಬಂತು: ಕಾರ್ಖಾನೆಯಲ್ಲಿ ಅವಘಡ, ಎಲ್ಲರೂ ಪ್ರಾರ್ಥಿಸಿರಿ. ಯಾವ ಕಾರ್ಖಾನೆ, ಯಾವ ಊರು, ಏನೂ ಇರಲಿಲ್ಲ. ಅವಳ ಬೆರಳು ಗೇಟಿನ ನಂಬರಿನ ಮೇಲೆ ಹೋಗಿ ನಿಂತಿತು.

ಫೋನನ್ನು ಅತ್ತೆಯ ಕೈಗೆ ಕೊಟ್ಟು ಒಲೆಯ ಮುಂದೆ ಕೂತಳು. "ಕರ್ತಾ, ಅಂಜಿಕಿ ಬಂದದ. ನಿನ್ನ ಕೈಯಾಗ ಬಿಟ್ಟೀನಿ" ಎಂದಳು. ಜೋಳದ ಹಿಟ್ಟು ನಾದಿ, ಒಂದೊಂದು ರೊಟ್ಟಿಗೂ ಒಂದೊಂದು ಖರೇ ಮಾತು ನೆನೆಯುತ್ತ ತಟ್ಟತೊಡಗಿದಳು. ನಡುವೆ ಮನಸ್ಸು ಬಾಯ್ಲರಿನ ಕಡೆ ಓಡಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಅದ್ಯಾವ ಖರೇ ಮಾತವಾ, ಕರ್ರಗಾತಲ್ಲ?" ಎಂದಳು ಅತ್ತೆ.

ಚಂದ್ರಕಲಾಗೆ ನಗು ಬಂತು. ಮತ್ತೆ ಹಿಟ್ಟು ತೆಗೆದುಕೊಂಡಳು. ಮಾಸ್ಕಿನ ಗುರುತು. ನಿನ್ನೆ ಅವನು ಬೈಯದೆ ಕೂತದ್ದು. ಆ ಗೇಟಿನ ಒಳಗೂ ಇರುವಾತ. ಹಿಟ್ಟು ಮುಗಿಯುವಾಗಲೂ ಅಂಜಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಉಸಿರು ಕೆಳಗಿಳಿದಿತ್ತು. ಫೋನ್ ಅತ್ತೆಯ ಮಡಿಲಲ್ಲೇ ಇತ್ತು.

ಕತ್ತಲಾಗುವ ಮೊದಲು ಶ್ರೀಮಂತ ಬಂದ. ಬಸ್ಸು ಪಂಕ್ಚರ್ ಆಗಿ ದಾರಿಯಲ್ಲಿ ನಿಂತಿತ್ತು. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು ಅವಳನ್ನೇ ನೋಡಿದ.

"ಇವತ್ತ ಗೇಟಿಗೆ ಫೋನ್ ಬರಲಿಲ್ಲ. ಮನ್ಯಾಗ ಏನಾತೋ ಅಂತ ನನಗ ಅಂಜಿಕಿ ಬಂತು."

ಅವಳು ಸೀದ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಅವನಿಗೆ ಬಿಸಿಯದನ್ನು ಕೊಟ್ಟಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಂಜಿಕೆ ನಿಮ್ಮ ಮನೆಗೂ ಬರುತ್ತದೆ. ಅದನ್ನು ದೇವರಿಗೆ ಒಪ್ಪಿಸಿ, ಮತ್ತೆ ಕಸಿದುಕೊಳ್ಳಬೇಡಿ. ಗೊತ್ತಿಲ್ಲದ ಸುದ್ದಿಯನ್ನು ನಂಬಬೇಡಿ, ಪ್ರಾರ್ಥನೆಯ ಹೆಸರಿನಲ್ಲಿ ಮುಂದಕ್ಕೂ ಕಳಿಸಬೇಡಿ. ಸತ್ಯವಾದುದನ್ನು, ಒಳ್ಳೆಯದನ್ನು ಬೇಕೆಂದೇ ಆರಿಸಿ ನೆನೆಯಿರಿ. ಒಂದೇ ದಿನಕ್ಕೆ ಬರುವುದಿಲ್ಲ, ರೊಟ್ಟಿ ಸೀಯುತ್ತದೆ, ಇನ್ನೊಂದು ತಟ್ಟಿರಿ. ನಿದ್ದೆ, ಊಟ ಕೆಟ್ಟೇ ಇದ್ದರೆ ವೈದ್ಯರ ಬಳಿ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಆ ಫೋನು ಮಾತ್ರ ಧಾರಾಳವಾಗಿ ಹಚ್ಚಿರಿ.