ತಾನೇ ಕಲಿತವಳ ಮೇಷ್ಟ್ರು

ಮ್ಯೂಸಿಯಂಗೆ ಹೋಗುವ ದಾರಿಯುದ್ದಕ್ಕೂ ನಮ್ಮಕ್ಕ ವರ್ಲೀನ್ ನನ್ನ ತಲೆಗೆ ಒಂದೇ ಮಾತು ತುಂಬಿದಳು.

"ಡೊರೀತಾ, ಬೇರೇನೂ ಬೇಡ. ಮೇಷ್ಟ್ರನ್ನ ಬಾಗಿಲ ಪಕ್ಕದ ಗೋಡೆ ಹತ್ರ ಹೋಗೋಕೆ ಬಿಡಬೇಡ. ಅಷ್ಟು ಮಾಡು ಸಾಕು."

"ಹೆಂಗೆ ತಡೀಲಿ? ಕಟ್ಟಿಹಾಕ್ಲಾ?"

"ಸಲೂನಲ್ಲಿ ಅಷ್ಟೊಂದು ಹೆಂಗಸರನ್ನ ಗಂಟೆಗಟ್ಟಲೆ ಕುರ್ಚೀಲಿ ಕೂರಿಸ್ತೀಯಲ್ಲ. ಒಬ್ಬ ಮುದುಕನ್ನ ಕೂರಿಸೋಕೆ ಆಗಲ್ವಾ?"

ಅವತ್ತು ಅಲ್ಲಿ ಅಕ್ಕನ ಚಿತ್ರಗಳ ಪ್ರದರ್ಶನ ಶುರುವಾಗುವುದಿತ್ತು. ಆ ಗೋಡೆಯ ಮೇಲೆ ಅವಳನ್ನು ಪರಿಚಯಿಸುವ ಒಂದು ಫಲಕವಿತ್ತು. 'ವರ್ಲೀನ್ ಟೇಟ್, ಷಿಕಾಗೋ. ಜೀವನವಿಡೀ ಸಿಟಿ ಬಸ್ ಓಡಿಸಿದ ಈಕೆ, ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ ತಾನೇ ಕಲಿತ ಕಲಾವಿದೆ.' ಬಸ್ಸಿನ ಮಾತು ನಿಜ. ಉಳಿದದ್ದು ಶುದ್ಧ ಸುಳ್ಳು.

ಅಕ್ಕನಿಗೆ ಕಲಿಸಿದವರು ಪರ್ನೆಲ್ ಗೇದರ್ ಮೇಷ್ಟ್ರು. ಪ್ರಾಯದಲ್ಲಿ ಅವರು ತಮ್ಮ ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆಯ ಗ್ಯಾಲರಿಗಳಿಗೆಲ್ಲ ಅಲೆದಿದ್ದರು. ಕರಿಯ ಮನುಷ್ಯ ಬಾಗಿಲಲ್ಲಿ ನಿಂತರೆ, ಸಾಮಾನು ಇಳಿಸುವುದು ಹಿಂದಿನ ಬಾಗಿಲಲ್ಲಿ ಎಂದು ಗ್ಯಾಲರಿಯವರು ಕೈ ತೋರಿಸುತ್ತಿದ್ದರಂತೆ. ಕೊನೆಗೆ ಅವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟು, ನಮ್ಮ ಸೌತ್ ಸೈಡ್ ಬಡಾವಣೆಯ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರದ ಚಿತ್ರಶಾಲೆ ಶುರುಮಾಡಿದರು. ಫ್ಯಾನಿಲ್ಲ, ಕಿಟಕಿಯಿಲ್ಲ, ಮೇಷ್ಟ್ರ ಬಾಯಿಗೆ ಬ್ರೇಕಿಲ್ಲ. ಅಕ್ಕ ಫ್ರಾಕು ಹಾಕುತ್ತಿದ್ದ ವಯಸ್ಸಿನಿಂದ ಮದುವೆಯಾಗುವವರೆಗೂ ಅಲ್ಲಿ ಬೈಸಿಕೊಂಡೇ ಕಲಿತಳು.

ಆದರೆ ನೆಲಮಾಳಿಗೆ ಸರ್ಟಿಫಿಕೇಟು ಕೊಡುವುದಿಲ್ಲ. ಕಾಲೇಜಿನ ಕಾಗದ ಇಲ್ಲದವರೆಲ್ಲ ಮ್ಯೂಸಿಯಮ್ಮಿನವರ ಲೆಕ್ಕದಲ್ಲಿ 'ತಾನೇ ಕಲಿತವರು'. ಫಲಕ ಬರೆದವಳು ಪ್ರದರ್ಶನದ ಉಸ್ತುವಾರಿ ಹೊತ್ತ ಸಿಮೋನ್. ಅವಳೂ ನಮ್ಮವಳೇ, ಆ ಹುದ್ದೆಗೆ ಬಂದ ಮೊದಲ ಕಪ್ಪು ಹುಡುಗಿ. ಅಕ್ಕನ ಚಿತ್ರಗಳಿಗೆ ಗೋಡೆ ಕೊಡಿಸಲು ಮೇಲಿನವರ ಜೊತೆ ಜಗಳಾಡಿ ಸುಸ್ತಾಗಿದ್ದಳು. ಅಕ್ಕ ಫಲಕ ಓದಿದಳು, ಏನೋ ಹೇಳಲು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಅರವತ್ತರ ಹೊಸ್ತಿಲಲ್ಲಿ ಸಿಕ್ಕ ಮೊದಲ ಗೋಡೆ. ಒಂದು ಮಾತಿಗೆ ಅದು ಕೈ ತಪ್ಪಿದರೆ?

ನನಗೆ ಸಿಟ್ಟು ಬಂದಿತ್ತು. ಆದರೂ ಅಕ್ಕ ಅಕ್ಕನೇ. ಮೇಷ್ಟ್ರು ತಮ್ಮ ನೀಲಿ ಟೈ ಕಟ್ಟಿಕೊಂಡು, ಕೋಲೂರಿಕೊಂಡು ಒಳಗೆ ಬಂದ ಕೂಡಲೇ ನಾನು ತೋಳು ಹಿಡಿದು ತಿಂಡಿಯ ಮೇಜಿನ ಕಡೆ ಎಳೆದೆ.

"ಬನ್ನಿ ಸರ್, ಚೀಸ್ ತಿನ್ನಿ."

"ಹಸಿವಿಲ್ಲ. ಆ ಗೋಡೇಲಿ ಏನಿದೆ?"

"ಏನಿಲ್ಲ, ಫೈರ್ ಅಲಾರಂ. ಈ ಚೀಸ್ ನೋಡಿ, ಫ್ರಾನ್ಸಿಂದು."

ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು. "ಸೋಪು ತಿಂದಂಗಿದೆ. ಇಷ್ಟು ದೊಡ್ಡ ಕಟ್ಟಡ, ನಮ್ಮೋರು ಮನೇಲಿ ಸುಡೋ ಒಂದು ಸಿಹಿಗೆಣಸಿನ ಪೈ ಮಾಡಿಸೋ ಯೋಗ್ಯತೆ ಇಲ್ವಾ?"

ಹೇಗೋ ಒಂದು ಕುರ್ಚಿ ಹುಡುಕಿ, ಫಲಕಕ್ಕೆ ಬೆನ್ನು ಮಾಡಿ ಕೂರಿಸಿದೆ. ಅಷ್ಟರಲ್ಲಿ ನಮ್ಮ ಚರ್ಚಿನವರೆಲ್ಲ ಬಂದು ತುಂಬಿಕೊಂಡರು. ಭಾನುವಾರದ ಟೋಪಿಗಳು, ಸೂಟುಗಳು, ಅಪ್ಪುಗೆಗಳು. ಮ್ಯೂಸಿಯಮ್ಮಿನ ಮಾಮೂಲಿ ಜನ ಪಿಸುಗುಡುತ್ತ ಗೋಡೆಗೆ ಸರಿದು ನಿಂತರು.

ಸಿಮೋನ್ ಚಿಕ್ಕ ಭಾಷಣ ಮಾಡಿ, ಕೊನೆಗೆ ನಗುತ್ತ ಕೇಳಿದಳು. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಅಲ್ಲೇ ಅವಳು ಎಡವಿದ್ದು. ಅಂಥ ಜಾಗದಲ್ಲಿ ಅದು ಬಾಯುಪಚಾರ, ಒಂದೆರಡು ಪ್ರಶ್ನೆ ಬಂದು ಮುಗಿಯುತ್ತದೆ. ನಮ್ಮ ಜನಕ್ಕೆ ಹಾಗೆ ಕೇಳಿದರೆ ಚರ್ಚಿನಲ್ಲಿಯಂತೆ ಸಾಕ್ಷಿ ಹೇಳುವ ಹೊತ್ತು ಬಂತೆಂದೇ ಅರ್ಥ. ಒಬ್ಬರು ಎದ್ದರೆ ಇನ್ನೊಬ್ಬರು ಏಳುತ್ತಾರೆ, ದೇವರು ತಮಗೆ ಮಾಡಿದ್ದನ್ನು ಹೇಳುತ್ತಾರೆ, ಪಾದ್ರಿಯಿಂದಲೂ ತಡೆಯಲು ಆಗುವುದಿಲ್ಲ.

ಮೊದಲು ಎದ್ದವರು ನಮ್ಮ ಚರ್ಚಿನ ಹಿರಿಯಮ್ಮ, ಮದರ್ ಒಝೆಲಾ. ಅಕ್ಕ ಬರೆದ ದೊಡ್ಡ ಚಿತ್ರದಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೂತಿರುವುದು ಅವರೇ.

"ಮೊದಲು ದೇವರಿಗೆ ಸ್ತೋತ್ರ!"

"ಆಮೆನ್!" ಎಂದೆವು ಎಲ್ಲರೂ. ವೈನಿನ ಗ್ಲಾಸುಗಳು ಬೆಚ್ಚಿದವು.

"ಆ ಚಿತ್ರದಲ್ಲಿ ಇರೋಳು ನಾನು. ಈ ಹುಡುಗಿ ನನ್ನ ಬರೆದಿದ್ದು ಇದೇ ಮೊದಲಲ್ಲ. ಆಗಿನ ಕಾಲದಲ್ಲಿ ನೆಲಮಾಳಿಗೇಲಿ ನನ್ನನ್ನ ಸ್ಟೂಲ್ ಮೇಲೆ ಕೂರಿಸಿ, ಮದರ್, ಉಸಿರಾಡಿ ಆದ್ರೆ ಅಲ್ಲಾಡಬೇಡಿ ಅಂದ್ರು ಗೇದರ್ ಮೇಷ್ಟ್ರು. ಇವಳ ಕೈಲಿ ನನ್ನ ಮೂಗು ಅಳಿಸಿ ಬರೆಸಿ, ಅಳಿಸಿ ಬರೆಸಿ ಸಾಕುಮಾಡಿದ್ರು. ಮೂಗು ನಂದು, ಮಾನ ಹೋಗಿದ್ದೂ ನಂದೇ!"

"ಹೇಳಿ ಮದರ್, ಹೇಳಿ!"

ಅಂಗಡಿಗಳ ಬೋರ್ಡು ಬರೆಯುವ ಬ್ರದರ್ ಕ್ಲಿಯೋಫಸ್ ಎದ್ದರು. "ಉದ್ದ ಗೆರೆ ಮಣಿಕಟ್ಟಿಂದ ಅಲ್ಲ, ಭುಜದಿಂದ ಎಳೀಬೇಕು ಅಂತ ಇವಳಿಗೆ ತೋರಿಸಿದ್ದು ನಾನು. ಮೇಷ್ಟ್ರೇ ಕರೆಸಿದ್ರು, ನನಗೂ ಬೈದ್ರು."

ಮೂಲೆಯಲ್ಲಿ ನಿಂತಿದ್ದ ಮ್ಯೂಸಿಯಮ್ಮಿನ ಕಾವಲುಗಾರ, ಅವನೂ ನಮ್ಮವನೇ, ಮೆಲ್ಲಗೆ "ಆಮೆನ್" ಎಂದುಬಿಟ್ಟು ಮತ್ತೆ ನೆಟ್ಟಗೆ ನಿಂತ.

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅಕ್ಕ ಮಾತ್ರ ತಲೆ ತಗ್ಗಿಸಿ ನಿಂತಿದ್ದಳು. ಆಗ ಗ್ಲಾಸು ಹಿಡಿದ ಒಬ್ಬ ಬಿಳಿಯ ಮಹಾಶಯ, ಪಾಪ, ಯಾವ ಕೊಂಕೂ ಇಲ್ಲದೆ ಕೇಳಿದ. "ಕ್ಷಮಿಸಿ, ಇವರು ಯಾರ ಹತ್ರಾನೂ ಕಲಿತಿಲ್ಲ ಅಂತ ಅಲ್ಲಿ ಬರೆದಿದೆಯಲ್ಲ?"

ಇಡೀ ಸಭೆ ಫಲಕದ ಕಡೆ ತಿರುಗಿತು. ಆಮೇಲೆ ಅಕ್ಕನ ಕಡೆ ತಿರುಗಿತು. ಮೇಷ್ಟ್ರೊಬ್ಬರು ಮಾತ್ರ ತಿರುಗಲಿಲ್ಲ, ಕೋಲಿನ ಹಿಡಿಯನ್ನೇ ನೋಡುತ್ತ ಕೂತಿದ್ದರು. ಬಗೆಹರಿಸಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು.

"ನಾನೂ ಸಾಕ್ಷಿ ಹೇಳಬೇಕು," ಎಂದಳು. "ಆ ಫಲಕ ಸುಳ್ಳು. ಓದಿದ ದಿನವೇ ಗೊತ್ತಿತ್ತು. ಚಿತ್ರ ಇಳಿಸಿಬಿಡ್ತಾರೇನೋ ಅಂತ ಹೆದರಿ ಸುಮ್ನಿದ್ದೆ. ಇಳಿಸೋದಿದ್ರೆ ಈಗ್ಲೇ ಇಳಿಸಿ. ನಾನು ಬ್ರಷ್ ಹಿಡಿಯೋದು ಕಲಿತಿದ್ದು ಆ ಕುರ್ಚೀಲಿ ಕೂತಿರೋ ಮನುಷ್ಯನ ಹತ್ರ. ಕಪ್ಪು ಮೈಗೆ ಕಪ್ಪು ಬಣ್ಣ ಹಚ್ಚಬೇಡ, ಅದರೊಳಗೆ ಕೆಂಪು ನೋಡು, ನೀಲಿ ನೋಡು ಅಂತ ಹೇಳಿಕೊಟ್ಟಿದ್ದು ಅವರು. ಅವರ ಒಂದು ಚಿತ್ರಾನೂ ಈ ಕಟ್ಟಡದಲ್ಲಿಲ್ಲ. ಸರ್, ತಪ್ಪಾಯ್ತು."

ಯಾರೂ ಆಮೆನ್ ಎನ್ನಲಿಲ್ಲ. ಮೇಷ್ಟ್ರು ಕೋಟಿನ ಜೇಬಿನಿಂದ ಆಹ್ವಾನಪತ್ರ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು.

"ಇದರಲ್ಲೂ ಅದನ್ನೇ ಅಚ್ಚು ಹಾಕಿದಾರಲ್ಲ, ಪೆದ್ದಿ. ಮನೇಲೇ ಓದಿದ್ದೆ." ನನ್ನ ಕಡೆ ಕೋಲು ತೋರಿಸಿದರು. "ಈ ಬಾಯಿಬಡುಕಿ ಸುಮ್ಸುಮ್ನೆ ನನಗೆ ಸೋಪು ತಿನ್ನಿಸಿದ್ಲು."

"ಓದಿದ ಮೇಲೂ ಬಂದ್ರಾ ಸರ್?" ಎಂದಳು ಅಕ್ಕ.

"ನಿನ್ನ ಗೋಡೆ ನೋಡೋಕೆ ಬಂದೆ. ನನ್ನ ಹೆಸರು ನೋಡೋಕಲ್ಲ."

ನಾನು ಅತ್ತುಬಿಟ್ಟೆ. ಮದರ್ ಒಝೆಲಾ ತಮ್ಮ ಕೈವಸ್ತ್ರ ಕೊಟ್ಟರು, ಅದೂ ಆಗಲೇ ಒದ್ದೆಯಾಗಿತ್ತು.

ಸಿಮೋನ್ ನೇರ ಆ ಗೋಡೆಗೆ ಹೋಗಿ, ಬಣ್ಣ ಹಚ್ಚಿದ ಉದ್ದ ಉಗುರಿನಿಂದ ಫಲಕದ ಅಂಚು ಎಬ್ಬಿಸಿ, ಸರ್ರೆಂದು ಕಿತ್ತಳು. "ಚಿತ್ರ ಯಾವುದೂ ಇಳಿಯಲ್ಲ. ಮೇಲಿನೋರಿಗೆ ನಾನು ಜವಾಬು ಕೊಡ್ತೀನಿ. ನಾನೇ ನಿಮ್ಮನ್ನ ಕೇಳಬೇಕಿತ್ತು ಆಂಟಿ, ಕೇಳ್ಲಿಲ್ಲ. ಈಗ ಹೇಳಿ, ಏನಂತ ಬರೀಲಿ?"

"ಪರ್ನೆಲ್ ಗೇದರ್ ಅವರ ಶಿಷ್ಯೆ ಅಂತ ಬರಿ," ಎಂದಳು ಅಕ್ಕ.

ಚಪ್ಪಾಳೆ ಶುರುವಾಗುವುದರಲ್ಲಿತ್ತು. ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿದರು.

"ತಡಿ, ತಡಿ. ನನ್ನ ಹೆಸರು ಅಷ್ಟು ಸಲೀಸಾಗಿ ಹಾಕಬೇಡ." ಎದ್ದು, ಒಂದೊಂದೇ ಹೆಜ್ಜೆ ಇಟ್ಟು ದೊಡ್ಡ ಚಿತ್ರದ ಮುಂದೆ ನಿಂತರು. ಟೋಪಿ ನೋಡಿದರು, ಮುಖ ನೋಡಿದರು, ಮೂಗು ನೋಡಿದರು.

"ಮುಖ ಚೆನ್ನಾಗಿ ಬಂದಿದೆ," ಎಂದರು. ಆ ನೆಲಮಾಳಿಗೆಯಲ್ಲಿ ಯಾರೂ ಅವರ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಆಮೇಲೆ ಕೋಲಿನ ತುದಿ ಕೆಳಗಿಳಿದು ಚಿತ್ರದೊಳಗಿನ ಮದರ್ ಒಝೆಲಾರ ಮಡಿಲಿನ ಕಡೆ ಹೋಯಿತು. ಕಾವಲುಗಾರ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ. "ಆದ್ರೆ ಈ ಎಡಗೈ ನೋಡು. ಮೂಳೆ ಎಲ್ಲಿದೆ? ಕೈಚೀಲ ಇಟ್ಟಂಗಿದೆ. ಚಿಕ್ಕವಳಿದ್ದಾಗ್ಲೂ ನೀನು ಹಿಂಗೇ ಬರೀತಿದ್ದೆ. ಶನಿವಾರ ಬಾ, ಕೈ ಬರೆಯೋದು ಇನ್ನೊಂದು ಸಲ ಹೇಳಿಕೊಡ್ತೀನಿ. ಆಮೇಲೆ ಬೇಕಾದ್ರೆ ನನ್ನ ಹೆಸರು ಹಾಕಲಿ."

ಕೆನ್ನೆಯ ಮೇಲೆ ನೀರು ಸುರಿಯುತ್ತಿದ್ದರೂ ಅಕ್ಕ ಹಲ್ಲು ಬಿಟ್ಟು ನಗುತ್ತಿದ್ದಳು. ಹುಡುಗಿಯಾಗಿದ್ದಾಗ ನಿಲ್ಲುತ್ತಿದ್ದಂತೆಯೇ ಕೈ ಕಟ್ಟಿ ನಿಂತಳು.

"ಬರ್ತೀನಿ ಸರ್."

"ಬರುವಾಗ ಸಿಹಿಗೆಣಸಿನ ಪೈ ತಗೊಂಬಾ," ಎಂದರು ಮೇಷ್ಟ್ರು.