ಬೀರಲಿಂಗಪ್ಪ ಮಾಸ್ತರರ ಪ್ರವೇಶ ಪರೀಕ್ಷೆ

ಬೀರಲಿಂಗಪ್ಪ ಮಾಸ್ತರರಿಗೆ ನೀವು ಯಾವ ಸಂಗತಿಯನ್ನೇ ಹೇಳಿ, ಅದು ನಿಜವೋ ಸುಳ್ಳೋ ಎಂದು ಅವರು ಕೇಳುವುದಿಲ್ಲ, ಕತ್ತನ್ನು ಕೊಂಚ ಎಡಕ್ಕೆ ವಾಲಿಸಿ, ಕನ್ನಡಕದ ಮೇಲಿನಿಂದ ನೋಡುತ್ತ, "ಹೆಂಗ ಬಂತು?" ಎನ್ನುತ್ತಾರೆ. ಒಮ್ಮೆ ದವಾಖಾನೆಯ ತರುಣ ವೈದ್ಯರು ಅವರಿಗೆ ರಕ್ತದೊತ್ತಡ ಹೆಚ್ಚಿದೆಯೆಂದು ಅಂಕಿಸಮೇತ ತಿಳಿಸಿದಾಗಲೂ ಅದೇ ಪ್ರಶ್ನೆ. ಯಂತ್ರದ ಪಟ್ಟಿಯನ್ನು ಬಿಚ್ಚಿಸಿ, ವೈದ್ಯರ ತೋಳಿಗೇ ಕಟ್ಟಿಸಿ, ಯಂತ್ರವು ಮನುಷ್ಯರಲ್ಲಿ ಭೇದವೆಣಿಸುತ್ತದೆಂಬುದು ಖಾತ್ರಿಯಾದ ಮೇಲೆಯೇ ಅವರು ಗುಳಿಗೆ ನುಂಗಿದ್ದು.

ಹುನಗುಂದದ ಪ್ರೌಢಶಾಲೆಯೊಂದರಲ್ಲಿ ಅವರು ಗಣಿತವನ್ನೂ ನಾನು ಕನ್ನಡವನ್ನೂ ಕಲಿಸಿ, ಒಂದೇ ವರ್ಷ ನಿವೃತ್ತರಾಗಿ, ಈಗ ಒಂದೇ ಗೋಡೆಯ ಆಚೀಚೆ ವಾಸವಾಗಿದ್ದೇವೆ. ಅವರದು ಸಣಕಲು ಶರೀರ, ಕಲ್ಲೂ ಬೆವರುವಂಥ ನಮ್ಮ ಸೀಮೆಯ ಬೇಸಿಗೆಯಲ್ಲೂ ಅದರ ಮೇಲೊಂದು ಕಂದು ಕೋಟು, ಕೋಟಿನ ಜೇಬುಗಳ ತುಂಬ ಸೀಮೆಸುಣ್ಣದ ತುಂಡುಗಳು. ನಡಿಗೆಯೋ ಕೇವಲ ಸರಳರೇಖೆಗಳದು. ಶಾಲೆಯ ಬಯಲನ್ನು ಊರೆಲ್ಲ ಮೂಲೆಯಿಂದ ಮೂಲೆಗೆ ಹಾಯ್ದು ಹೋದರೆ, ಮಾಸ್ತರರು ಮಾತ್ರ ಅಂಚುಗುಂಟ ನಡೆದು, ಮೂಲೆಯಲ್ಲಿ ಸೈನಿಕನಂತೆ ಲಂಬಕೋನದಲ್ಲಿ ತಿರುಗಿ, ಮತ್ತೆ ಅಂಚುಗುಂಟ ನಡೆಯುವರು. ಕರ್ಣವೇ ಹತ್ತಿರದ ದಾರಿಯೆಂದು ಜೀವಮಾನವೆಲ್ಲ ಕಲಿಸಿದವರು ಹೀಗೇಕೆ ಎಂದು ನಾನೊಮ್ಮೆ ಕೇಳಿದೆ. "ಗೊತ್ತಿರೂದು ಬ್ಯಾರೆ, ರೂಢಿ ಮಾಡ್ಕೊಳ್ಳೂದು ಬ್ಯಾರೆರಿ. ಇವತ್ತ ಬಯಲಾಗ ಅಡ್ಡ ಹಾದಾವ ನಾಳೆ ಲೆಕ್ಕದಾಗೂ ಹಾಯ್ತಾನ" ಎಂದರು.

ಇಂಥವರ ಮನೆಗೆ ವಿಧಿಯ ವಿನೋದವೆಂಬಂತೆ ಸೊಸೆಯಾಗಿ ಬಂದವಳು ಮಹಾದೇವಿ. ಬಾದಾಮಿ ಕಡೆಯವಳು, ಬಿ.ಕಾಂ. ಮುಗಿಸಿ ಇಳಕಲ್ಲಿನಲ್ಲಿ ನೇಕಾರ ಹೆಣ್ಣುಮಕ್ಕಳ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು. ಸೀರೆ ನೇಯಬಲ್ಲವರಿಗೆ ಅದನ್ನು ಮಾರುವ ವಿದ್ಯೆ ತಿಳಿಯದೆಂಬುದನ್ನು ಕಣ್ಣಾರೆ ಕಂಡು, ತಾನು ಎಂ.ಬಿ.ಎ. ಓದಿ ಸಂಘವನ್ನು ನೆಟ್ಟಗೆ ನಿಲ್ಲಿಸುವೆನೆಂದು ಹಟ ಹಿಡಿದಿದ್ದಳು. ಹಿಂದಿನ ವರ್ಷ ಪ್ರವೇಶ ಪರೀಕ್ಷೆಯ ಗಣಿತದಲ್ಲೇ ಮುಗ್ಗರಿಸಿದ್ದಳು. ದಿನವೂ ಬಸ್ಸಿನಲ್ಲಿ ಹೋಗಿಬರಲಾಗುವ ಕಾಲೇಜು ಬಾಗಲಕೋಟೆಯದೊಂದೇ. ಅಲ್ಲಿ ಈ ಸಲ ಸೀಟು ಸಿಕ್ಕರೆ ಓದು, ಇಲ್ಲವಾದರೆ ಆ ಮಾತನ್ನೇ ಬಿಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಗಂಡ ನಿಂಗರಾಜ ಮನಸಾರೆ ಒಪ್ಪಿದ್ದ. ಅತ್ತೆ ಹುಚ್ಚವ್ವ ಗೊಣಗುತ್ತ ಒಪ್ಪಿದ್ದಳು. ಗಣಿತ ಕಲಿಸುವ ಹೊಣೆ ಮಾವನ ಪಾಲಿಗೆ ಬಂತು.

ಆ ಪಾಠಗಳನ್ನು ನಾನು ಗೋಡೆಯ ಈಚೆಯಿಂದ ಕೇಳಿ ಧನ್ಯನಾಗಿದ್ದೇನೆ. ಮಾಸ್ತರರ ಪದ್ಧತಿಯಲ್ಲಿ ಲೆಕ್ಕವೆಂಬುದೊಂದು ಪೂಜೆ. ಮೊದಲು ದತ್ತ, ಆಮೇಲೆ ಸಾಧನೀಯ, ಅನಂತರ ಸಾಧನೆ, ಕೊನೆಗೆ ತಾಳೆ ನೋಡುವ ಮಂಗಳಾರತಿ. ಒಂದು ದಿನ ಹಾಲಿಗೆ ನೀರು ಬೆರೆಸುವ ಲೆಕ್ಕ ಬಂದು, ಮಾಸ್ತರರು ಪಾತ್ರೆಯ ಚಿತ್ರ ಬರೆಯುತ್ತಿದ್ದಾಗ ಅಡುಗೆಮನೆಯಿಂದ ಹುಚ್ಚವ್ವನ ದನಿ ಕೇಳಿತು: "ಹಾಲಿಗೆ ನೀರ ಹಾಕೂದನ್ನ ಕಲಸಾಕ ಇಷ್ಟ ದೊಡ್ಡ ಪುಸ್ತಕೇನ? ನಮ್ಮ ಹಾಲಿನಾಕಿ ಸಾಲಿ ಕಲೀಲಾರದನ ಮಾಡತಾಳ!"

ಮಹಾದೇವಿಯದು ಬೇರೆಯೇ ಸಂಪ್ರದಾಯ. ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟಂತೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಅಸಂಭವವಾದವನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಮನಸ್ಸು ಒಪ್ಪಿದ್ದಕ್ಕೆ ಗುರುತು ಹಾಕಿ ಮುಂದೆ ಹೋಗುವುದು. ಮಾಸ್ತರರ ಶಬ್ದಕೋಶದಲ್ಲಿ ಇದರ ಹೆಸರು ಕಳ್ಳಗಣಿತ.

"ಮಾವಾರ, ಒಂದ ಲೆಕ್ಕಕ್ಕ ಒಂದ ನಿಮಿಷ ಕೊಡತಾರ. ನೀವು ದತ್ತ ಅಂತ ಬರಿಯೂದ್ರಾಗ ಆ ನಿಮಿಷ ಮುಗದಿರತೈತಿ."

"ನಿಮಿಷದಾಗ ಲೆಕ್ಕ ಮಾಡಂತ ಹೇಳಿದಾವ ಯಾರವಾ? ಅವಂಗ ಲೆಕ್ಕ ಬರೂದಿಲ್ಲ."

ರೇಗಿದ ಮಹಾದೇವಿಯ ಬಾಯಿಂದ ಮಾತು ಜಾರಿತು. "ನೀವ ಒಮ್ಮೆ ಆ ಪರೀಕ್ಷಾಕ್ಕ ಕುಂತ ನೋಡ್ರಲಾ, ತಿಳೀತೈತಿ!"

ಸಿಟ್ಟಿನ ಮಾತನ್ನು ಸಿಟ್ಟೆಂದು ತಿಳಿಯುವ ಅಭ್ಯಾಸ ಮಾಸ್ತರರಿಗಿಲ್ಲ. ಅದನ್ನವರು ಸೂಚನೆಯೆಂದೇ ಸ್ವೀಕರಿಸಿದರು. ಪರೀಕ್ಷೆಗೆ ವಯಸ್ಸಿನ ಮಿತಿಯಿಲ್ಲವೆಂದು ತಿಳಿದುಕೊಂಡು, ತಮ್ಮ ಪದವಿಪತ್ರವನ್ನು ಪೆಟ್ಟಿಗೆಯ ತಳದಿಂದ ತೆಗೆದು, ಕೋಟು ತೊಟ್ಟು ಭಾವಚಿತ್ರ ತೆಗೆಸಿಕೊಂಡು ಬಂದರು. ಹುಚ್ಚವ್ವ ಹಣೆ ಬಡಿದುಕೊಂಡು, "ಮಾವ ಸೊಸಿ ಇಬ್ರೂ ಸಾಲಿಗೆ ಹೋಗ್ರಿ, ನಾ ಎರಡೂ ಡಬ್ಬಿ ಕಟ್ಟತೇನಿ" ಎಂದಳು.

ಪರೀಕ್ಷೆಯ ದಿನ ನಾನೂ ಅವರೊಡನೆ ಬಾಗಲಕೋಟೆಗೆ ಹೋದೆ. ಕೇಂದ್ರದ ಬಾಗಿಲಲ್ಲಿ ಕಾವಲುಗಾರ ಮಹಾದೇವಿಯನ್ನು ಒಳಗೆ ಬಿಟ್ಟು, ಮಾಸ್ತರರಿಗೆ ಕೈ ಅಡ್ಡ ಹಿಡಿದ. "ಯಜಮಾನ್ರ, ಪಾಲಕರು ಹೊರಗ ನಿಂದರಬೇಕ್ರಿ."

"ನಾ ಪರೀಕ್ಷಾರ್ಥಿ ಅದೇನಿ" ಎಂದು ಮಾಸ್ತರರು ಪ್ರವೇಶಪತ್ರ ಮುಂದೆ ಹಿಡಿದರು. ಆತ ಪತ್ರವನ್ನೂ ಮುಖವನ್ನೂ ಎರಡೆರಡು ಸಲ ನೋಡಿದ. ಹುಡುಗ ಹುಡುಗಿಯರೆಲ್ಲ ಸಾಲಿನಿಂದ ಕತ್ತು ಚಾಚಿದರು. ಚಿತ್ರಕ್ಕೂ ಆಳಿಗೂ ಕೋಟಿನ ಗುಂಡಿಯವರೆಗೆ ಹೋಲಿಕೆಯಿದ್ದುದರಿಂದ ಬೇರೆ ದಾರಿಯಿಲ್ಲದೆ, "ಆದ್ರ ಕೋಟ ಒಳಗ ನಡೆಯೂದಿಲ್ರಿ" ಎಂದ. ಆಜನ್ಮ ಬ್ರಹ್ಮಚಾರಿಯ ಜನಿವಾರವನ್ನೇ ಬಿಚ್ಚಿಕೊಡೆಂದು ಕೇಳಿದಂತಾಯಿತು. ಕೊನೆಗೂ ಕೋಟು ನನ್ನ ತೋಳಿಗೆ ಬಂತು. ಬರಿಯ ಅಂಗಿಯ ಮಾಸ್ತರರು, ಸಿಪ್ಪೆ ಸುಲಿದ ಶೇಂಗಾದಂತೆ ಸಣ್ಣದಾಗಿ ಕಾಣುತ್ತ, ಅಂಗಳದ ಅಂಚುಗುಂಟ ನಡೆದು ಒಳಗೆ ಹೋದರು.

ಒಳಗೆ ನಡೆದುದನ್ನು ನನಗೆ ಹೇಳಿದವನು ಯುನೂಸ. ಒಂದು ಕಾಲದಲ್ಲಿ ನಮ್ಮಿಬ್ಬರ ಶಿಷ್ಯ, ಈಗ ಕಾಲೇಜಿನ ಉಪನ್ಯಾಸಕ, ಆ ದಿನ ಮಾಸ್ತರರ ಕೋಣೆಯ ಮೇಲ್ವಿಚಾರಕ. ಗುರುಗಳನ್ನು ಕಂಡು ಆತ ಅಭ್ಯಾಸಬಲದಿಂದ ಎದ್ದು ನಿಂತನಂತೆ. ಕಚ್ಚಾ ಲೆಕ್ಕಕ್ಕೆ ಕೊಟ್ಟ ಹಾಳೆ ಮೊದಲ ಕೆಲವೇ ಪ್ರಶ್ನೆಗಳಿಗೆ ತುಂಬಿಹೋಗಿ, ಮಾಸ್ತರರು ಪುರವಣಿ ಹಾಳೆಯನ್ನೂ ಅದನ್ನು ಕಟ್ಟಲು ದಾರವನ್ನೂ ಕೇಳಿದರಂತೆ. ಆಮೇಲೆ ಆ ಪ್ರಶ್ನೆ ಬಂತು. ಒಬ್ಬನು ಒಂದು ಊರಿಗೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ ಅರವತ್ತರ ವೇಗದಲ್ಲಿ ಮರಳಿದರೆ ಸರಾಸರಿ ವೇಗವೆಷ್ಟು? ಕೊಟ್ಟ ಉತ್ತರಗಳು ನಲವತ್ತೈದು, ಐವತ್ತು, ಐವತ್ತೆರಡು, ಐವತ್ತೈದು. ಮಾಸ್ತರರಿಗೆ ಬಂದದ್ದು ನಲವತ್ತೆಂಟು. ಮೂರು ವಿಧದಲ್ಲಿ ಬಿಡಿಸಿದರೂ ನಲವತ್ತೆಂಟೇ. ಉಳಿದ ಪ್ರಶ್ನೆಗಳು ಅನಾಥವಾಗಿ ಬಿದ್ದಿರಲು, ಅವರು ಉತ್ತರಪತ್ರಿಕೆಯ ನಾಲ್ಕು ವೃತ್ತಗಳ ಪಕ್ಕದಲ್ಲಿ ತಮ್ಮ ಕೈಯಾರೆ ಐದನೆಯದೊಂದು ವೃತ್ತವನ್ನು ಬರೆದು, 48 ಎಂದು ನಮೂದಿಸಿ, ಅದನ್ನು ದುಂಡಗೆ ತುಂಬಿದರು.

ಯುನೂಸ ಗಾಬರಿಯಾದ. "ಸರ, ಹಂಗ ಬರಿಬಾರದ್ರಿ. ಮಶೀನ್ ತಗೊಳ್ಳೂದಿಲ್ಲ."

"ಮಶೀನಿಗೆ ಗಣಿತ ಬರತೈತೇನೋ ಯುನೂಸ? ಬರತಿದ್ರ ತಗೋತೈತಿ."

ಕೆಲವು ದಿನಗಳಲ್ಲಿ ಸರಿಯುತ್ತರಗಳ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಆ ಪ್ರಶ್ನೆಗೆ ಐವತ್ತೇ ಸರಿಯೆಂದಿತ್ತು. ನಲವತ್ತಕ್ಕೂ ಅರವತ್ತಕ್ಕೂ ನಡುವಿನದೆಂದು ಮಹಾದೇವಿ ಕ್ಷಣದಲ್ಲಿ ಗುರುತು ಹಾಕಿದ್ದೂ ಅದಕ್ಕೇ. ಹಿಂದಿನ ವರ್ಷ ಸೀಟು ಸಿಕ್ಕವರ ಅಂಕಗಳನ್ನು ನೋಡಿದರೆ, ಆ ಒಂದು ಅಂಕ ಸೇರಿದರೆ ಆಕೆ ಬಾಗಲಕೋಟೆಯ ಸೀಟಿನ ಹೊಸ್ತಿಲು ಮುಟ್ಟುತ್ತಿದ್ದಳು. ಅದು ಹೋದರೆ ಹೊರಗೆ. ಆಕ್ಷೇಪಣೆ ಸಲ್ಲಿಸಲು ವಾರದ ಅವಕಾಶವಿತ್ತು. ಮಾಸ್ತರರು ಆಕ್ಷೇಪಣೆ ಎಂಬ ಶಬ್ದವನ್ನು ಉಚ್ಚರಿಸಿದ್ದೇ ತಡ, ಹುಚ್ಚವ್ವ ಲಟ್ಟಣಿಗೆ ಸಮೇತ ಹೊರಗೆ ಬಂದಳು.

"ಅಲ್ಲರೀ, ಸೊಸಿ ತಾಟಿನ್ಯಾಗಿನ ರೊಟ್ಟಿ ಕಸಗೊಂಡು ಯಾರಿಗೆ ಹಾಕಾವ್ರು ನೀವು?"

ಅಂದು ಸಂಜೆ ಮಾಸ್ತರರು ನನ್ನ ಕಟ್ಟೆಗೆ ಬಂದು ಕೂತರು. ಬಹಳ ಹೊತ್ತು ಕೋಟಿನ ಗುಂಡಿಯನ್ನು ತಿರುವುತ್ತಿದ್ದು, "ಏನ ಮಾಡ್ಲಿ ಹೇಳ್ರಿ?" ಎಂದರು. ಇಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಸಲಹೆ ಕೇಳಿದ್ದು ಅದೇ ಮೊದಲು. ಸುಮ್ಮನಿದ್ದುಬಿಡಿ ಎಂದೆ. "ಸುಮ್ಮನಿರಾಕ ಬರವಲ್ದು. ಆ ಹುಡುಗಿ ಮಾರಿ ನೋಡಾಕೂ ಬರವಲ್ದು" ಎಂದು ಎದ್ದು ಹೋದರು. ಅವರ ಬೆನ್ನು ಅಷ್ಟು ಬಾಗಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಅಂಗಳದಲ್ಲಿ ಕಂಡದ್ದು ಬೇರೆಯೇ ದೃಶ್ಯ. ಮಹಾದೇವಿ ತಾನಾಗಿಯೇ ಮಾವನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಕಲ್ಲುಹಾಸಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ದಾರಿ ನೂರಿಪ್ಪತ್ತು ಕಿಲೋಮೀಟರ್ ಎಂದಿಟ್ಟುಕೊಂಡಳು. ಹೋಗಲು ಮೂರು ಗಂಟೆ, ಬರಲು ಎರಡು. ಒಟ್ಟು ಇನ್ನೂರ ನಲವತ್ತು ಕಿಲೋಮೀಟರ್, ಐದು ಗಂಟೆ. ಭಾಗಿಸಿದಳು. ಸೀಮೆಸುಣ್ಣ ನಲವತ್ತೆಂಟಕ್ಕೆ ಬಂದು ನಿಂತಿತು.

"ಸಾವಕಾಶ ಹೋಗೂವಾಗ ಹೆಚ್ಚ ಹೊತ್ತ ಹಾದ್ಯಾಗ ಇರತೇವಿ. ಅದಕ್ಕ ಸರಾಸರಿ ಆ ಕಡೆ ಜಗ್ಗತೈತಿ" ಎಂದು ತನಗೆ ತಾನೇ ಎಂಬಂತೆ ಹೇಳಿಕೊಂಡಳು.

ಆಮೇಲೆ ಮಾವನ ಕಡೆ ತಿರುಗಿದಳು.

"ಆಕ್ಷೇಪಣಿ ನಾನ ಹಾಕತೇನ್ರಿ ಮಾವಾರ. ನನ್ನ ನಂಬರಿನಿಂದನ. ನಿಮಗ ಮೊಬೈಲ್ ಬರೂದಿಲ್ಲ."

"ಅಂಕ ಹೋಗತೈತಿ ಯವ್ವಾ."

"ಹೋಗ್ಲಿ ಬಿಡ್ರಿ. ನಾಳೆ ಸಂಘದಾಗ ಲೆಕ್ಕ ಒಪ್ಪಿಸೂವಾಗ ಇದ ನೆನಪಾದ್ರ ಬಾಯಿ ಹೆಂಗ ತಗೀಲಿ?" ಎಂದವಳು, ಅಳು ಬಂದೀತೆಂದು ಬೇಗನೆ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಬೋಗುಣಿ ಬಹಳ ಜೋರಾಗಿ ಬಿತ್ತು.

ಮುಂದಿನ ದಿನಗಳಲ್ಲಿ ಮಾಸ್ತರರು ಮನೆಯಲ್ಲಿ ಬಡಿಸಿದ್ದನ್ನು ಉಂಡು, ಉಪ್ಪು ಸಾಲದಿದ್ದರೂ ಕೇಳದೆ, ಮಠಕ್ಕೆ ಬಂದ ಪರಸ್ಥಳದ ಅತಿಥಿಯಂತೆ ಇದ್ದರು. ಕೊನೆಗೆ ಪರಿಷ್ಕೃತ ಪಟ್ಟಿ ಬಂತು. ಆ ಪ್ರಶ್ನೆ ದೋಷಯುಕ್ತವಾದ್ದರಿಂದ, ಪರೀಕ್ಷೆ ಬರೆದ ಎಲ್ಲರಿಗೂ ಆ ಅಂಕವನ್ನು ಕೊಡಲಾಗಿದೆಯೆಂದು ಅದರ ಸಾರ. ಮಹಾದೇವಿಯ ಅಂಕ ಉಳಿಯಿತು. ಕೆಲವು ವಾರಗಳಲ್ಲಿ ಬಾಗಲಕೋಟೆಯ ಸೀಟೂ ಬಂತು. ಹುಚ್ಚವ್ವ ಹೋಳಿಗೆ ಮಾಡಿದಳು. ಪಂಕ್ತಿಯಲ್ಲಿ ನಾನೂ ಇದ್ದೆ. ಸಂಭ್ರಮಿಸದೆ ಕೂತವರು ಮಾಸ್ತರರೊಬ್ಬರೇ.

"ಎಲ್ಲಾರಿಗೂ? ಬಿಡಸಲಾರದಾವ್ಗೂ? ಐವತ್ತೈದು ಅಂದಾವ್ಗೂ? ಹೋಗೂವಾಗೊಂದು, ಬರೂವಾಗೊಂದು ಅಂತ ವೇಗ ಇದ್ದಾವನ ಸರಾಸರಿ ನಟ್ಟನಡುವಿನ ವೇಗಕ್ಕಿಂತ..." ಎಂದು ಅವರು ಎಲೆಯ ಮೇಲೇ ಬೆರಳಿನಿಂದ ಲೆಕ್ಕ ಬರೆಯತೊಡಗಿದಾಗ, ನಾನು ಮಾತು ತಿರುಗಿಸಲು ಅವರ ಫಲಿತಾಂಶವೇನಾಯಿತೆಂದು ಕೇಳಿದೆ. ಮಹಾದೇವಿ ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತ ಹೇಳಿದಳು: "ಮಾವಾರ ಹಾಳಿ ಮಶೀನ್ ತಗೊಂಡಿಲ್ರಿ. ಐದನೇ ವೃತ್ತ ಬರದಾರಂತ ಅಮಾನ್ಯ ಮಾಡ್ಯಾರ. ಅವರಿಗೆ ಆ ಅಂಕಾನೂ ಇಲ್ಲ."

ಹೀಗೆ, ರಾಜ್ಯದಲ್ಲಿ ಆ ಲೆಕ್ಕವನ್ನು ಬಿಟ್ಟವರು, ತಪ್ಪಿದವರು, ಓದದೆಯೇ ಪುಟ ತಿರುವಿದವರು ಎಲ್ಲರೂ ಅಂಕ ಪಡೆದು, ಮೂರು ವಿಧದಲ್ಲಿ ಬಿಡಿಸಿದ ಮಾಸ್ತರರು ಬರಿಗೈಯಲ್ಲಿ ಉಳಿದರು. ಮಾಸ್ತರರ ಮುಖದಲ್ಲಿ ಮೆಲ್ಲಗೆ ಒಂದು ಪ್ರಸನ್ನತೆ ಹರಡಿತು.

"ಭಾಳ ಛಲೋ ಆತು. ಪುಗಸಟ್ಟಿ ಅಂಕ ನನಗೊಬ್ಬಗ ಹತ್ತಲಿಲ್ಲ" ಎಂದವರು, ಅಂದು ಮೊದಲ ಸಲ ತಾವಾಗಿಯೇ ಕೈನೀಡಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಇಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಹೆಚ್ಚಿದ್ದರೆ ಊರು ನಡೆಯಲಾರದು. ಅವರೊಡನೆ ಬಾಳುವುದು ಎಂಥ ತಪಸ್ಸೆಂಬುದನ್ನು ಅವರ ಹೆಂಡಂದಿರು ಬಲ್ಲರು. ಲೋಕವೆಲ್ಲ ಸುಮಾರಾಗಿ ಸರಿಯಾದದ್ದನ್ನೇ ಸರಿಯೆಂದು ಒಪ್ಪಿ, ಅವಸರವಸರವಾಗಿ ಮುಂದಿನ ಪ್ರಶ್ನೆಗೆ ಓಡುವಾಗ, ಇವರು ಹಿಂದೆ ಉಳಿದು, ನಗೆಗೀಡಾಗಿ, ಬಹುಮಾನಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಿರುತ್ತಾರೆ. ನಾವೂ ನಗುತ್ತೇವೆ, ನಗಲೇಬೇಕು. ಆದರೆ ಅಣ್ಣತಮ್ಮಂದಿರ ನಡುವೆ ಹೊಲದ ಬದು ಹಾಕಿಸುವ ದಿನ, ಮಗಳನ್ನು ಕೊಡುವ ಮನೆಯ ನಿಜಸ್ಥಿತಿ ತಿಳಿದುಕೊಳ್ಳಬೇಕಾದ ದಿನ, ಊರಿನಲ್ಲಿ ಜಾಣರು ಎಷ್ಟು ಮಂದಿಯಿದ್ದರೂ ನಮ್ಮ ಕಾಲುಗಳು ತಾವಾಗಿಯೇ ಹೊರಳುವುದು ಇಂಥವರ ಮನೆಯ ಕಡೆಗೆ.